ಒಂದೇ ಚಿಪ್‌ನೊಳಗೆ

ಬ್ರಹ್ಮಾವರದ ಹೆದ್ದಾರಿ ಬದಿಯಲ್ಲಿದ್ದ ಮಹಾಲಿಂಗ ಉಪಾಧ್ಯರ ಕಂಪನಿ ಮೊಬೈಲ್ ಚಿಪ್‌ಗಳ ವಿನ್ಯಾಸ ಮಾಡುತ್ತಿತ್ತು. ಫೋನಿನ ಲೆಕ್ಕಾಚಾರಕ್ಕೆ ಒಂದು ಚಿಪ್, ಟವರ್‌ ಸಂಪರ್ಕಕ್ಕೆ ಇನ್ನೊಂದು. ಎರಡೂ ಚೆನ್ನಾಗಿಯೇ ಇದ್ದವು. ಆದರೆ ಅಷ್ಟರಲ್ಲಿ ಬೇರೆ ಕಂಪನಿಗಳು ಎರಡನ್ನೂ ಒಂದೇ ಚಿಪ್‌ಗೆ ಸೇರಿಸಿಬಿಟ್ಟಿದ್ದವು. ಅಂಥ ಫೋನ್ ಬಿಸಿಯಾಗುವುದು ಕಡಿಮೆ, ಬ್ಯಾಟರಿ ಬಾಳುವುದು ಹೆಚ್ಚು. ಉಪಾಧ್ಯರಿಂದ ಚಿಪ್ ಕೊಳ್ಳುತ್ತಿದ್ದ ಫೋನ್ ಕಂಪನಿಯೂ ಕೊನೆಗೆ ಕಟ್ಟುನಿಟ್ಟಾಗಿ ಹೇಳಿತು: ಮುಂದಿನ ಫೋನಿಗೆ ಒಂದೇ ಚಿಪ್ ಬೇಕು.

ಸೇರಿಸುವ ಹೊಣೆ ಎಂಜಿನಿಯರ್ ಶ್ರೀವಾಣಿಯ ಮೇಲೆ ಬಿತ್ತು. ಟವರ್‌ ಸಂಪರ್ಕದ ರೇಡಿಯೋ ಭಾಗ ಸಹೋದ್ಯೋಗಿ ಶ್ರೀಶನದು.

ಮೊದಲ ಮಾದರಿ ಆಫೀಸಿನಲ್ಲಿ ಸೊಗಸಾಗಿ ನಡೆಯಿತು. ಸಿಗ್ನಲ್ ಕ್ಷೀಣವಾಗಿರುವ ಕೆರಾಡಿಯ ಕಾಡಂಚಿಗೆ ಒಯ್ದಾಗ ಮಾತ್ರ, ವೀಡಿಯೋ ಶುರುವಾದೊಡನೆ ಕರೆ ಕಡಿದುಹೋಯಿತು. ಲೆಕ್ಕಾಚಾರದ ಭಾಗ ಜೋರಾಗಿ ದುಡಿಯುವಾಗ ಹುಟ್ಟುವ ವಿದ್ಯುತ್ ಗದ್ದಲದಲ್ಲಿ ಪಕ್ಕದ ರೇಡಿಯೋಗೆ ಟವರಿನ ದನಿಯೇ ಕೇಳುತ್ತಿರಲಿಲ್ಲ.

"ಪೇಟೆಯೊಳ್ಗೆ ಸಮ ಇತ್ತಲೆ," ಎಂದ ಶ್ರೀಶ. "ಫೋನ್ ಕಂಪನಿಯವ್ರ್ ಪರೀಕ್ಷೆ ಮಾಡೂದೂ ಪೇಟೆಯೊಳ್ಗೇ. ಕಳ್ಸುವ."

ಉಪಾಧ್ಯರು ಶ್ರೀವಾಣಿಯತ್ತ ತಿರುಗಿದರು. "ನೀ ಎಂತ ಹೇಳ್ತೆ?"

"ಕೆರಾಡಿಯವ್ರ್ ಆಂಬುಲೆನ್ಸಿಗ್ ಫೋನ್ ಮಾಡ್ವಾಗ ಹೀಂಗಾರೆ ಎಂತ ಮಾಡೂದ್ ಸರ್?"

ಸಂಜೆ ಉಪಾಧ್ಯರು ತಾವೇ ಫೋನ್ ಕಂಪನಿಗೆ ಕರೆ ಮಾಡಿ ದೋಷ ಒಪ್ಪಿಕೊಂಡು, ಕಾಲಾವಕಾಶ ಕೇಳಿದರು.

ಶ್ರೀವಾಣಿ ಚಿಪ್‌ನ ನಕ್ಷೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಎರಡೂ ಭಾಗಗಳಿಗೆ ಬೇರೆಬೇರೆ ವಿದ್ಯುತ್ ದಾರಿ, ನಡುವೆ ತಡೆ. ಶ್ರೀಶ ಮುನಿಸಿಕೊಂಡೇ ಜೊತೆಗೆ ಕೂತ; ಕೆಲಸ ಕೈಹತ್ತಿದ ಮೇಲೆ ಮುನಿಸು ಮರೆತ. ಹೊರದೇಶದ ಕಾರ್ಖಾನೆಯಿಂದ ಹೊಸ ಚಿಪ್ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು.

ಈ ಸಲ ಕೆರಾಡಿಗೆ ಉಪಾಧ್ಯರೂ ಬಂದರು. ಫೋನಿನಲ್ಲಿ ವೀಡಿಯೋ ಓಡಿಸುತ್ತಲೇ ಸಾಲಿಗ್ರಾಮದ ಮನೆಯಲ್ಲಿದ್ದ ಹೆಂಡತಿ ವನಮಾಲಾಗೆ ಕರೆ ಮಾಡಿದರು.

"ಸ್ವರ ಸಮ ಕೇಂತಿತ್ತಾ?"

"ಕೇಂತಿತ್ತ್. ಉಂಬುಕೆ ಬತ್ರಿಯಾ, ಇಲ್ಯಾ?"

ಅವರು ತೋಟದ ಸುದ್ದಿ ಕೇಳಿದರು, ಹಲಸಿನ ಹಪ್ಪಳದ ಸುದ್ದಿ ಕೇಳಿದರು. ಕರೆ ಕಡಿಯಲಿಲ್ಲ. ಶ್ರೀಶ ಶ್ರೀವಾಣಿಯ ಕೈ ಹಿಡಿದು ಕುಲುಕಿದ.

ಫೋನ್ ಇಟ್ಟ ಮೇಲೆ ಉಪಾಧ್ಯರು ಮೆಲ್ಲಗೆ ಹೇಳಿದರು: "ಫೋನ್ ಕಂಪನಿಯವ್ರ್ ಬೇರೆಯವರ ಚಿಪ್ ತಕಂಡ್ರ್. ಇವತ್ತ್ ಬೆಳಿಗ್ಗೆ ತಿಳೀತ್."

ಶ್ರೀವಾಣಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವರತ್ತ ತಿರುಗಿದಳು. "ಮೊದ್ಲೇ ಹೇಳ್ಲಕ್ಕಿತ್ತಲೆ ಸರ್."

"ಹೇಳಿರೆ ನೀವ್ ಇಲ್ಲಿಗ್ ಬತ್ತಿರ್ಲಿಲ್ಲ. ನಿಮ್ ಕೆಲ್ಸ ಸಮ ಆದ್ದ್ ನಂಗ್ ಕಾಣ್ಕಿತ್ತ್."

ಆ ಚಿಪ್ ಮುಂದೆಯೂ ಯಾವ ಫೋನನ್ನೂ ಸೇರಲಿಲ್ಲ. ವರ್ಷ ತುಂಬುವುದರೊಳಗೆ ಉಪಾಧ್ಯರು ಮೊಬೈಲ್ ಚಿಪ್‌ಗಳ ಕೆಲಸವನ್ನೇ ನಿಲ್ಲಿಸಿದರು.

ಆದರೆ ಆ ದಿನ ಕೆರಾಡಿಯಲ್ಲಿ ಶ್ರೀವಾಣಿ ಕಣ್ಣೊರೆಸಿಕೊಂಡು, ಅವರ ಕೈಯಿಂದ ಫೋನ್ ತೆಗೆದುಕೊಂಡಳು.

"ಪರೀಕ್ಷೆ ಮಾಡೂಕೆ ಹೊಳೆಬದಿ ಜಾಗ ಒಂದ್ ಬಾಕಿ ಇತ್ತ್," ಎಂದಳು. "ಅದನ್ನೂ ಕಂಡ್ಕಂಡೇ ಹೋಪ."