ಅಕ್ಕನ ಮನೆಯ ಚಟ್ನಿ

"ಸುಲಿ ಅಂದ್ರೆ ಸುಲೀಬೇಕು ಕಣೇ! ಒಡಿ ಅಂತ ಯಾವಳೇ ಹೇಳಿದ್ದು ನಿಂಗೆ? ಬುಡು ಕೈಯ!"

ನಯನ ಕೈ ಬಿಟ್ಟಳು. ಬೆಂಗಳೂರಿಗೆ ಬಂದ ಮೊದಲ ಬೆಳಗ್ಗೆಯೇ ಗಿರಿಜಾಂಬಿಕಾ ಅಕ್ಕನಿಂದ ಪಾಠ ಆಗಿಹೋಯಿತು. ಆ ಫ್ಲ್ಯಾಟಿಗೆ ಅಕ್ಕನ ತವರು ಬಿಳಿಗೆರೆಯ ತೋಟದಿಂದ ತೆಂಗಿನಕಾಯಿ ಮೂಟೆಗಟ್ಟಲೆ ಬರುತ್ತಿತ್ತು. ಸುಲಿಯುವುದು ನಯನ, ಒಡೆಯುವುದು ಅಕ್ಕ. ಚಿಪ್ಪು ಗಟ್ಟಿಯಿರುವ ತನಕ ಕಾಯಿಗೆ ಯಾವ ಕೈಯಾದರೂ ಆದೀತು. ಒಡೆದು ಬಿಳಿ ಕಂಡಮೇಲೆ ಕೇರಿಯವರ ಕೈ ತಾಗಿದರೆ ಮೈಲಿಗೆ. ಊರಿನ ಶೆಡ್ಡಿನಲ್ಲಿ ಅಕ್ಕನ ಅಪ್ಪ ಮಲ್ಲಿಕಾರ್ಜುನಯ್ಯನವರಿಗೆ ದಿನವಿಡೀ ಚಿಪ್ಪು ಒಡೆದು ಕೊಬ್ಬರಿ ಗುಡ್ಡೆ ಹಾಕುವವಳು ನಯನಳ ಅವ್ವ ನಿಂಗಮ್ಮನೇ. ಅದು ಮಾರುವ ಕೊಬ್ಬರಿ, ಅದಕ್ಕೆ ಮೈಲಿಗೆ ತಟ್ಟುವುದಿಲ್ಲ. ತಿನ್ನುವ ಕಾಯಿಯದು ಮಾತ್ರ ಬಲು ನಾಜೂಕು ಮೈ.

ಬಿಬಿಎ ಕೊನೆಯ ಸೆಮಿಸ್ಟರು, ಜಾಹೀರಾತು ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ಪು. ಪಿಜಿ ಕೈಗೆಟುಕುವ ಮಾತಲ್ಲ. "ನನ್ ಮಗ್ಳ ಮನೇಲಿ ಬಿದ್ದಿರ್ಲಿ ಬುಡು ನಿಂಗಿ" ಎಂದು ಮಲ್ಲಿಕಾರ್ಜುನಯ್ಯ ದೊಡ್ಡ ಮನಸ್ಸು ಮಾಡಿದ್ದರು. ಆ ದೊಡ್ಡ ಮನಸ್ಸಿಗೆ ಬದಲಾಗಿ ಕಸ, ಮುಸುರೆ, ಬಟ್ಟೆ. ಮಲಗುವುದು ವಾಷಿಂಗ್ ಮೆಷಿನ್ ಪಕ್ಕ. ಆದರೂ ನಯನಳಿಗೆ ಬೆಂಗಳೂರು ಹಿಡಿಸಿತ್ತು. ತಾನು ಬರೆದ ಸಾಲಿಗೆ ಆಫೀಸಿನವರು ನಕ್ಕ ದಿನ ಮೆಟ್ರೋದಲ್ಲಿ ಅವಳೂ ಒಬ್ಬಳೇ ನಗುತ್ತಾ ಬರುತ್ತಿದ್ದಳು.

ಆ ಶನಿವಾರ ಕೊನೆಯ ರಿವ್ಯೂ. ತಪ್ಪಿದರೆ ಸೆಮಿಸ್ಟರೇ ಹೋದಂತೆ. ಅವತ್ತೇ ಅಕ್ಕನ ಗಂಡ ಜ್ಞಾನೇಶ್ ತನ್ನ ಗೆಳೆಯ ರಂಗನಾಥನನ್ನು ತಿಂಡಿಗೆ ಕರೆದಿದ್ದ. ಇಡ್ಲಿ ಬೇಯಲು ಇಟ್ಟು ಅಕ್ಕ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ತಿಂಡಿ ಮುಗಿದು ಪಾತ್ರೆ ತೊಳೆಯದೆ ನಯನ ಹೊರಡುವಂತಿಲ್ಲ. ಬಚ್ಚಲ ಬಾಗಿಲು ತೆರೆಯಲಿಲ್ಲ, ಗಡಿಯಾರ ನಿಲ್ಲಲಿಲ್ಲ. ಚಟ್ನಿಗೆ ನಯನಳೇ ಕಾಯಿ ಒಡೆದಳು, ರುಬ್ಬಿದಳು, ಒಗ್ಗರಣೆಯನ್ನೂ ಚುಂಯ್ ಅನ್ನಿಸಿದಳು.

ಅಕ್ಕ ಹೊರಬರುವ ಹೊತ್ತಿಗೆ ಜ್ಞಾನೇಶ್ ಬಡಿಸಿದ ಇಡ್ಲಿ ತಿನ್ನುತ್ತಾ ರಂಗನಾಥ ತಟ್ಟೆ ಬಳಿಯುತ್ತಿದ್ದ. "ಚಟ್ನಿ ಸೂಪರ್ ಕಣ್ರೀ ಮೇಡಂ!"

"ಥ್ಯಾಂಕ್ ಯೂ" ಎಂದವಳೇ ಅಕ್ಕ ಗಕ್ಕನೆ ನಿಂತಳು. "ಯಾರೇ ಕಾಯಿ ಒಡ್ದಿದ್ದು?"

"ನಾನೇ ಅಕ್ಕಾ. ಹೊತ್ತಾಗ್ತಿತ್ತು."

ಅಕ್ಕನ ಇಂಗ್ಲಿಷ್ ಜಾರಿಬಿದ್ದು ಬಿಳಿಗೆರೆ ಹೊರಬಂತು. "ಹಲ್ಕಾ ಮುಂಡೆ! ನಿನ್ ಕೇರಿ ಬುದ್ಧಿ ತೋರುಸ್ಬುಟ್ಯಲ್ಲೇ! ಬಂದೋರ್ ಬಾಯಿಗೂ ಮೈಲ್ಗೆ ತುರುಕ್ಬುಟ್ಯಲ್ಲೇ!"

ರಂಗನಾಥನ ತುತ್ತು ಅತ್ತ ಇಳಿಯಲಿಲ್ಲ, ಇತ್ತ ಬರಲಿಲ್ಲ. ಅಕ್ಕ ಚಟ್ನಿಯನ್ನು ಬಟ್ಟಲ ಸಮೇತ, ಮಿಕ್ಸಿ ಜಾರನ್ನೂ ಸೇರಿಸಿ, ಕಸದ ಕರಿ ಚೀಲಕ್ಕೆ ಎಸೆದಳು.

"ಈಗಿಂದೀಗ್ಲೇ ತೊಲಗು. ನಿಮ್ಮವ್ವನ್ನೂ ಶೆಡ್ಡಿಂದ ಒದ್ದು ಓಡುಸಕ್ ಹೇಳ್ತೀನಿ ಅಪ್ಪಾಜಿಗೆ!"

ನಯನಳಿಗೆ ನಿಜವಾಗಿ ಭಯವಾದದ್ದು ಆಗಲೇ. ಬ್ಯಾಗು ತುಂಬುತ್ತಾ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಅಳ್ಬ್ಯಾಡ ಕಣೇ" ಎಂದಳು ನಿಂಗಮ್ಮ. "ಈವಯ್ಯನ್ದು ಬುಟ್ರೆ ತಿಪಟೂರಲ್ಲಿ ಬ್ಯಾರೆ ಶೆಡ್ಡಿಲ್ವಾ? ನನ್ ಚಿಂತೆ ಬುಟ್ಟು ನೀನ್ ಆಪೀಸಿಗೋಗು. ಅವುಳ್ ಬಾಯಿಗೆ ಮಣ್ಣಾಕ."

ನಯನಳ ಎದೆ ಹಗುರಾಯಿತು. ಹಗುರಾದದ್ದೇ ತಡ, ಅದುಮಿಟ್ಟಿದ್ದ ಸಿಟ್ಟೆಲ್ಲ ಉಕ್ಕಿ ಬಂತು. ಬ್ಯಾಗು ಹೆಗಲಿಗೇರಿಸಿ ಹಾಲಿಗೆ ಬಂದಳು.

"ಅಕ್ಕಾ, ನಾನ್ ಮುಟ್ಟಿದ್ದೆಲ್ಲಾ ಬಿಸಾಕ್ತೀರಾ?"

"ಬಿಸಾಕ್ದೆ ಪೂಜೆ ಮಾಡ್ಲೇನೇ?"

ನಯನ ಕಸದ ಚೀಲ ಎಳೆದುಕೊಂಡಳು. ಒಣಗಲು ಹಾಕಿದ್ದ ರೇಷ್ಮೆ ಸೀರೆ ಚೀಲಕ್ಕೆ ಬಿತ್ತು. "ಒಗ್ದಿದ್ದು ನಾನೇ." ಟೀವಿ ರಿಮೋಟ್ ಬಿತ್ತು. "ದಿನಾ ಒರ್ಸೋಳೂ ನಾನೇ." ಜ್ಞಾನೇಶನ ಕಾರಿನ ಕೀ ಬಿತ್ತು.

"ಏಯ್, ಅದು ಹೊಸಾದು ಕಣಮ್ಮಾ!" ಜ್ಞಾನೇಶ್ ಎದ್ದ.

ಅಕ್ಕ ಅಡ್ಡ ಬಂದಳು. ನಯನ ಅವಳ ಮುಂಗೈ ಹಿಡಿದು, ಇನ್ನೊಂದು ಕೈಯಲ್ಲಿ ಚೀಲದ ಬಾಯಿ ಅಗಲಿಸಿದಳು.

"ಬೆಳಗ್ಗೆ ನಿಮ್ ತಲೆಗೆ ಎಣ್ಣೆ ತಿಕ್ಕಿದ್ದೂ ಇದೇ ಕೈಯಿ. ಬನ್ನಿ ಅಕ್ಕಾ, ನೀವೂ ಇಳೀರಿ."