ನಟ್ಟನಡುವಿನ ಗುರುತು

ಗೂಟದ ನೆರಳಿನ ತುದಿ ಹಿಂದೆ ಸರಿಯುತ್ತ ಗೂಟದ ಸುತ್ತ ನೆಲದ ಮೇಲೆ ಎಳೆದ ವೃತ್ತವನ್ನು ಮುಟ್ಟಿದ ಕೂಡಲೇ ಪಂಚಶೀಲಾ ಅಲ್ಲೊಂದು ಮೊಳೆ ಬಡಿದಳು. ಗಂಟೆ ಹತ್ತೂವರೆ.

"ಇನ್ನ ಮಧ್ಯಾಹ್ನ ನೆರಳು ಆ ಕಡಿ ಹೊಳ್ಳಿ ಬಂದು ಮುಟ್ಟತನ ಕಾಯಬೇಕ್ರಿ ಆಯಿ. ಎರಡೂ ಮೊಳಿ ನಟ್ಟನಡು ಗೂಟದಿಂದ ಗೆರಿ ಎಳದ್ರ, ಅದೇ ಖರೆ ಉತ್ತರ ದಿಕ್ಕು."

ಮಾನಮ್ಮ ಸೆರಗಿನಿಂದ ಕಣ್ಣಿಗೆ ಮರೆ ಮಾಡಿಕೊಂಡು ಮೇಲೆ ನೋಡಿದಳು. "ಸೂರ್ಯಾನ್ನೇ ಸಾಕ್ಷಿಗಿ ಕರದಿ ಅನ್ನು."

"ಹೂಂರಿ. ಈ ಸಾಕ್ಷಿಗಿ ಚಹಾ ಕುಡಿಸೋ ತ್ರಾಸ ಇಲ್ಲ."

ಡ್ರೋನ್ ತೆಗೆದ ಚಿತ್ರಗಳನ್ನು ಜೋಡಿಸಿ ಮಾಡಿದ ಕಮಲಾಪುರದ ಹೊಸ ನಕಾಶೆಯಲ್ಲಿ ಮಾನಮ್ಮನ ಮುಂದಿನ ಖೋಲಿ ನಾಲ್ಕು ಮೊಳ ರಸ್ತೆಯೊಳಗೆ ಬಂದು ಕೂತಿತ್ತು. ಅದಕ್ಕೆ ಕೆಂಪು ಬಣ್ಣ, ಪಕ್ಕದಲ್ಲಿ 'ಒತ್ತುವರಿ' ಎಂಬ ಷರಾ. ಸರ್ವೇಯರ್ ಪಂಚಶೀಲಾ ಸಹಿ ಹಾಕಿದರೆ ಖೋಲಿ ಬೀಳುತ್ತದೆ. ಹಾಕದಿದ್ದರೆ ಅವಳ ನೌಕರಿ. ಮರುಅಳತೆಗೆ ಜಿಪಿಎಸ್ ಯಂತ್ರ ಕೇಳಿದರೆ ಜೇವರ್ಗಿ ಕಾಲೋನಿಯ ಸರ್ವೇ ಆಫೀಸಿನ ಮಾಲೀಕ ಕಾಶಿರಾಯ ಅದನ್ನು ನಂದೂರಿನ ದಾಲ್ ಮಿಲ್ಲಿನ ಅಳತೆಗೆ ಸಾಗಹಾಕಿದ್ದ. ಪರೀಕ್ಷೆ ಮುಗಿದ ಮೇಲೆ ಯಾರೂ ಮುಟ್ಟದ ಡಿಪ್ಲೊಮಾ ಪಾಠವೊಂದನ್ನು ನೆನಪಿಸಿಕೊಂಡು ಅವಳು ಹುರಿ, ಗೂಟ, ಟೇಪು ಹಿಡಿದು ಬೆಳಗಿನ ಬಸ್ಸು ಹತ್ತಿದ್ದಳು. ಹಳೆಯ ನಕಾಶೆಯಲ್ಲಿ ರಸ್ತೆಯ ಅಂಚು ಗಡಿಕಲ್ಲಿನಿಂದ ನೇರ ಉತ್ತರಕ್ಕೆ ಹೋಗುತ್ತಿತ್ತು. ಆ ಕಲ್ಲು ಮಾನಮ್ಮನ ಮನೆಯಿಂದ ಐದು ಹೆಜ್ಜೆ ದಕ್ಷಿಣಕ್ಕೆ ಇವತ್ತಿಗೂ ಅಲುಗಾಡದೆ ನಿಂತಿತ್ತು. ಗೂಟ ನೆಟ್ಟದ್ದು ಅದಕ್ಕೆ ತಾಗಿಸಿಯೇ.

"ನಿಮ್ಮ ಸಾಹೇಬ ಏನಂತಾನ?"

ಪಂಚಶೀಲಾ ಹೊಟ್ಟೆ ಮುಂದೆ ಮಾಡಿ ನಿಂತಳು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮೂಗಿನಿಂದಲೇ ಮಾತಾಡಿದಳು: "ಪಂಚಶೀಲಾ, ಮ್ಯಾಲಿಂದ ನೋಡಿದ್ದು ಸುಳ್ಳಾಗೂದಿಲ್ಲವ್ವ. ಡ್ರೋನಿಗಿ ಬೀಗರಿಲ್ಲ, ಬಿಜ್ಜರಿಲ್ಲ."

ಮಾನಮ್ಮ ನಕ್ಕು ನಕ್ಕು ಕೆಮ್ಮಿದಳು. ಕಣ್ಣೊರೆಸಿಕೊಂಡು, "ಆದ್ರ ನೀನೂ ಕಡಿಮಿ ಇಲ್ಲ ಬಿಡು. ಡ್ರೋನ್ ಬರೋ ಹಿಂದಿನ ದಿನ ದಾರ್ಯಾಗ ಸುಣ್ಣದಾಗ ಕೂಡೋ ಲೆಕ್ಕದ ಗುರ್ತು ಬರದಿದ್ದೆಲ್ಲ, ಎಷ್ಟು ಸೊಟ್ಟ ಇತ್ತಂತಿ! ಮರದಿನ ಮುಂಜಾನಿ ಅದನ್ನೂ ಕೂಡಿ ಅಂಗಳ ಸಾರಿಸಿ, ಬಾಗಲಿಗಿ ನಟ್ಟನಡು ಚಂದಾಗಿ ನಾನೇ ಬರದೆ," ಎಂದಳು.

ಪಂಚಶೀಲಾಳ ನಗು ನಿಂತಿತು. ಆ ಸುಣ್ಣದ ಗುರುತನ್ನು ನೋಡಿಯೇ ಡ್ರೋನಿನ ಚಿತ್ರಗಳು ನೆಲಕ್ಕೆ ಕೂಡಬೇಕಿತ್ತು. ಅಳತೆ ಮಾಡಿ ರಸ್ತೆಯ ನಡುವೆ ಹಾಕಿದ್ದ ಗುರುತನ್ನು ಮಾನಮ್ಮ ಬಾಗಿಲ ಹತ್ತಿರ ತಂದಿದ್ದಳು. ಕಂಪ್ಯೂಟರು ಅದನ್ನು ಮತ್ತೆ ರಸ್ತೆಗೆ ಎಳೆದು ಕೂರಿಸುವಾಗ ಮನೆಯನ್ನೂ ಜೊತೆಗೆ ಎಳೆದಿತ್ತು. ಆ ಗುರುತಿನಲ್ಲಿ ದೋಷವಿದೆಯೆಂದು ಅದು ಎಚ್ಚರಿಸಿಯೂ ಇತ್ತು. ಕಾಶಿರಾಯ ಕಣ್ಣು ಮುಚ್ಚಿಕೊಂಡಿದ್ದ.

"ತಪ್ಪಾತೇನವ್ವ?"

"ನಂದು. ಗುರ್ತಿನ ನಡು ಒಂದು ಮೊಳಿ ಹೊಡೀಬೇಕಿತ್ತು, ಹೊಡಿಲಿಲ್ಲ. ಡ್ರೋನ್ ಹಾರೋ ಮುಂದ ಬಂದು ನೋಡಲೂ ಇಲ್ಲ."

ಒಂದೂವರೆಗೆ ಕಾಶಿರಾಯನ ಕಾರು ಬಂತು. ಅವನು ಇಳಿಯುವ ಮೊದಲೇ ನಕಾಶೆ ಕಿಟಕಿಯಿಂದ ಹೊರಗೆ ಬಂತು. "ಸಹಿ ಮಾಡು. ಸಂಜಿಕ ಕಳಸಬೇಕು."

"ನೆರಳು ಇನ್ನ ಮುಟ್ಟಿಲ್ರಿ ಸರ್."

"ಕಟ್ಟಿಗಿ ನೆರಳು ನೋಡ್ಕೋತ ಕುಂತಿ? ನಾಳಿಂದ ಮನ್ಯಾಗ ಕುಂತು ನೋಡು."

"ನೋಡ್ತೀನ್ರಿ. ಇವತ್ತಿಂದು ಇಲ್ಲೇ ನೋಡಿ ಹೋಗ್ತೀನಿ."

ಪಂಚಶೀಲಾ ಸುಣ್ಣದ ಗುರುತಿನ ಸಂಗತಿ ಹೇಳಿದ ಮೇಲೆ ಅವನ ದನಿ ಮೆತ್ತಗಾಯಿತು. "ಛಲೋ ಆತಲ್ಲ. ಮುದುಕಿನೇ ಗುರ್ತು ಕೆಡಿಸ್ಯಾಳಂತ ಬರಿ. ನಿಂಗೂ ಬಾಧಕಿಲ್ಲ, ನಂಗೂ ಇಲ್ಲ."

ಮಾನಮ್ಮ ತಂಬಿಗೆಯಲ್ಲಿ ನೀರು ತಂದಳು. "ಬಿಸಲಾಗ ಬಂದೀರಿ, ಕುಡೀರಿ."

"ಆಗಲೇ ಕುಡದು ಬಂದೀನಿ," ಎಂದ ಕಾಶಿರಾಯ, ತಂಬಿಗೆಯ ಕಡೆ ನೋಡದೆ. ತಂಬಿಗೆ ಹೊಸ್ತಿಲ ಮೇಲೆ ಕೂತಿತು. ಪಂಚಶೀಲಾ ಅದನ್ನೆತ್ತಿ ಅರ್ಧ ಕುಡಿದು ಅಲ್ಲೇ ಇಟ್ಟಳು.

ಎರಡೂವರೆಗೆ ನೆರಳು ವೃತ್ತವನ್ನು ಮುಟ್ಟಿತು. ಎರಡನೆಯ ಮೊಳೆ ಬಡಿದು, ನಡುವನ್ನು ಅಳೆದು, ಅವಳು ಗೂಟಕ್ಕೆ ಹುರಿ ಕಟ್ಟಿ ಇನ್ನೊಂದು ತುದಿಯನ್ನು ಕಾಶಿರಾಯನ ಕಡೆ ಚಾಚಿದಳು. "ಹಿಡೀರಿ ಸರ್. ಆಮ್ಯಾಲ ನಾ ಒಬ್ಬಳೇ ಎಳದೆ ಅನ್ನಬ್ಯಾಡ್ರಿ."

ಓಣಿಯ ಮಂದಿ ಕಟ್ಟೆಗಳ ಮೇಲೆ ಕೂಡಿದ್ದರು. ಅವನು ಹಿಡಿದ. "ಸರ್ ಬಲಕ್ಕ, ಸ್ವಲ್ಪ ಬಲಕ್ಕ, ಹಾಂ, ಕೂಡ್ರಿ," ಎಂದು ಅವಳು ಹೇಳಿದಂತೆ ಸರಿದು ಮಾನಮ್ಮನ ಮನೆಯಾಚೆ ಮಣ್ಣಿನಲ್ಲಿ ಮೊಣಕಾಲೂರಿ ಕೂತ. ಹುರಿ ಎರಡು ಮೊಳೆಗಳ ನಟ್ಟನಡುವೆ ಹಾದು ಬಿಗಿಯಾಯಿತು. ಹೊಸ್ತಿಲಿಗೂ ಹುರಿಗೂ ನಡುವೆ ಒಂದು ಗೇಣು ಖಾಲಿ ನೆಲವಿತ್ತು. ಮನೆ ಪೂರ್ತಿ ಹುರಿಯ ಈಚೆಗೇ, ರಸ್ತೆಯ ಹೊರಗೇ ಇತ್ತು.

ಪಂಚಶೀಲಾ ಅವನ ಕೈಲಿದ್ದ ತುದಿಯನ್ನು ಅಲ್ಲೇ ಇನ್ನೊಂದು ಮೊಳೆಗೆ ಕಟ್ಟಿ, ನಕಾಶೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹರವಿ ಸಹಿಯ ಜಾಗದಲ್ಲಿ ಬರೆದಳು: 'ಈ ನಕಾಶೆ ತಪ್ಪು. ಗುರುತು ಕಾಯದ ತಪ್ಪು ನನ್ನದು. ಮರುಅಳತೆಯಲ್ಲಿ ಮನೆ ರಸ್ತೆಯ ಅಂಚಿನಿಂದ ಒಂದು ಗೇಣು ಹೊರಗಿದೆ.' ಕೆಳಗೆ ಹೆಸರು, ತಾರೀಖು.

ಕಾಶಿರಾಯ ಎರಡು ಸಲ ಓದಿದ. ನಕಾಶೆ ಸುತ್ತಿಕೊಂಡು, ಮೊಣಕಾಲಿನ ಮಣ್ಣು ಒರೆಸದೆ ಕಾರು ಹತ್ತಿದ. ಆಫೀಸಿಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

"ಇನ್ನ ಅಂಗಳ ಸಾರಿಸಲೇನವ್ವ?" ಮಾನಮ್ಮ ಕೇಳಿದಳು.

"ಸಾರಸ್ರಿ ಆಯಿ. ಹುರಿ, ಗೂಟ ಬಿಟ್ಟು."

ಮಾನಮ್ಮ ಬಗ್ಗಿ ಸಾರಿಸತೊಡಗಿದಳು. ಹುರಿ ಬಂದ ಕಡೆ ಕೈಯೆತ್ತಿ, ದಾಟಿಸಿ, ಮತ್ತೆ ಸಾರಿಸಿದಳು. ಹಸಿ ನೆಲದ ನಡುವೆ ಒಂದು ಒಣ ಗೆರೆ ಉಳಿಯುತ್ತ ಹೋಯಿತು.