ಕಿಟ್ಟದ ಬೆಳಕಿನಲ್ಲಿ ಬಂಗಾರಮ್ಮ

ಶಿವಮೊಗ್ಗದ ಅರ್ಧ ಊರಿನ ಮುಖ ಫೋಟೋ ತೆಗೆಯುವ ಮೂರ್ತಪ್ಪನವರ ಗಾಜಿನ ಪ್ಲೇಟುಗಳಲ್ಲಿತ್ತು. ಮದುವೆಯಾದವರು, ಮೆಟ್ರಿಕ್ ಪಾಸಾದವರು, ಹೊಸ ರುಮಾಲು ಕೊಂಡವರು ಎಲ್ಲರೂ ಒಂದಲ್ಲ ಒಂದು ದಿನ ದುರ್ಗಿಗುಡಿಯ ಅವರ ಸ್ಟುಡಿಯೋಗೆ ಬಂದು, ಗಾಜಿನ ಮಾಡಿನ ಕೆಳಗೆ ಉಸಿರು ಬಿಗಿಹಿಡಿದು ಕೂತು ಹೋದವರೇ. ಅವರ ಹೆಂಡತಿ ಬಂಗಾರಮ್ಮ ಮಾತ್ರ ಒಮ್ಮೆಯೂ ಕೂತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅವರಿಗಿದ್ದ ಒಂದೇ ಹೆಣ್ಣುಮಗು ವರ್ಷ ತುಂಬಿದ ದಿನ ಆ ಕ್ಯಾಮೆರಾದ ಮುಂದೆ ಕೂತಿತ್ತು. ಪಟಕ್ಕೆ ಕಟ್ಟು ಹಾಕಿಸುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಆಮೇಲೆ ಯಾವಾಗಲೋ ಮೂರ್ತಪ್ಪ ಹೆಂಡತಿಯನ್ನು ಕೂರಲು ಕರೆದಾಗ ಅವರು ಬಾಗಿಲಲ್ಲೇ ನಿಂತು ಹೇಳಿದ್ದರು:

"ಬೆಳಕಲ್ಲಿ ನಾನು ಆ ಪೆಟ್ಟಿಗೆ ಮುಂದೆ ಕೂರೋದಿಲ್ಲ. ಕತ್ತಲಲ್ಲಿ ತೆಗೆಯೋಕೆ ಬಂದ್ರೆ ಹೇಳಿ, ಕೂರ್ತೀನಿ."

ಕತ್ತಲಲ್ಲಿ ಫೋಟೋ ಬರುವುದಿಲ್ಲ ಎಂದು ಗೊತ್ತಿದ್ದೇ ಆಡಿದ ಮಾತು ಅದು. ದುಃಖದಲ್ಲಿ ಹುಟ್ಟಿದ ಮಾತಾದರೂ ವರ್ಷಗಳು ಕಳೆದಂತೆ ಸವೆದು ನುಣುಪಾಗಿ ಮನೆಯ ತಮಾಷೆಯಾಯಿತು. ಯಾರಾದರೂ ಆಗದ ಕೆಲಸ ಕೇಳಿದರೆ "ಕತ್ತಲಾಗ್ಲಿ, ನೋಡೋಣ" ಎನ್ನುವುದು ಆ ಮನೆಯ ವಾಡಿಕೆ. ಬೆಳಕು ಚಿಮ್ಮಿಸುವ ಮೆಗ್ನೀಸಿಯಂ ಪುಡಿ ಊರಿಗೆ ಬಂದ ವರ್ಷ ಮೂರ್ತಪ್ಪ ಹಿಗ್ಗಿನಿಂದ ಒಂದು ಡಬ್ಬಿ ತಂದಿದ್ದರು. ಬಂಗಾರಮ್ಮ ಅದನ್ನು ಮೂಸಿ ನೋಡಿ, "ನೀವು ಹಚ್ಚಿದ ಮೇಲೆ ಅದು ಕತ್ತಲೆ ಹ್ಯಾಗಾಯ್ತು? ಮೋಸ ಬೇಡ," ಎಂದು ಡಬ್ಬಿ ತಿರುಗಿ ಕೊಟ್ಟಿದ್ದರು.

ಇದೆಲ್ಲ ಕಲ್ಲಪ್ಪನಿಗೆ ಚೆನ್ನಾಗಿ ಗೊತ್ತು. ಅವನು ಮೂರ್ತಪ್ಪನವರ ತಂಗಿಯ ಮಗ, ಅವರ ಮನೆಯಲ್ಲಿದ್ದೇ ಓದಿದವನು. ಮಾವ ಲೆನ್ಸಿನ ಮುಚ್ಚಳ ತೆಗೆದು, ಮತ್ತೆ ಹಾಕುವ ತನಕ ತುಟಿಯಲ್ಲೇ ಮಗ್ಗಿ ಹೇಳಿಕೊಳ್ಳುವುದನ್ನು ಅವನು ಎಷ್ಟೋ ಸಲ ಕೇಳಿದ್ದ. ಬಿಸಿಲಿದ್ದರೆ ಎರಡರ ಮಗ್ಗಿಯಲ್ಲೇ ಮುಗಿಯುತ್ತಿತ್ತು, ಮೋಡವಿದ್ದರೆ ಮೂರರ ಮಗ್ಗಿಯೂ ಸೇರುತ್ತಿತ್ತು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ ಪರೀಕ್ಷೆಯ ಕೊಠಡಿಯಲ್ಲೂ ಅವನಿಗೆ ಆ ಮಗ್ಗಿ ಕೇಳುತ್ತಿತ್ತು. ಓದು ಮುಗಿದ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿ, ನ್ಯೂ ಟೌನಿನ ಕೊನೆಯ ಸಾಲಿನಲ್ಲಿ ಮನೆ ಕೊಟ್ಟರು. ಬಂಗಾರಮ್ಮನ ಬಾಯಲ್ಲಿ ಮಾತ್ರ ಆ ಊರು ಇನ್ನೂ ಹಳೇ ಹೆಸರಿನ ಬೆಂಕಿಪುರವೇ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಗಂಡಹೆಂಡಿರಿಬ್ಬರೂ ರೈಲಿನಲ್ಲಿ ಅವನ ಮನೆಗೆ ಬಂದರು. ಮೂರ್ತಪ್ಪ ಹೊಸ್ತಿಲು ಎಡವಿದರು. ಅವರ ಕಣ್ಣು ಸುತ್ತಲಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿತ್ತು. ನೇರ ಎದುರಿಗಿದ್ದದ್ದು ಬಿದಿರಿನ ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ನರ ಒಣಗುತ್ತಿದೆ, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದಕ್ಕೆ ಮದ್ದಿಲ್ಲ, ಮುಂದಿನ ಮಳೆಗಾಲದವರೆಗೆ ಕಂಡರೆ ಹೆಚ್ಚು ಎಂದು ಬೆಂಗಳೂರಿನ ವೈದ್ಯರು ಹೇಳಿದ್ದರು. ಮೂರ್ತಪ್ಪ ಈ ಸುದ್ದಿಯನ್ನು ಹವಾಮಾನದ ವಿಷಯದಂತೆ ಹೇಳಿ ಮುಗಿಸಿ, ಕಾಫಿ ಕೇಳಿದರು.

ಅಂದು ರಾತ್ರಿ ಮೂವರೂ ಜಗಲಿಯಲ್ಲಿ ಕೂತಿದ್ದರು. ಬಂಗಾರಮ್ಮ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎದುರಿನ ಬಯಲಿನಾಚೆ, ಕುಲುಮೆಯಿಂದ ತೆಗೆದ ಕಿಟ್ಟವನ್ನು ಸಣ್ಣ ರೈಲಿನ ಬಂಡಿಗಳು ದಿಬ್ಬದ ಮೇಲಿಂದ ಸುರಿದವು. ಕಬ್ಬಿಣ ಬೇರೆಯಾದ ಮೇಲೆ ಉಳಿಯುವ ಆ ಕರಗಿದ ಕಲ್ಲು ಹೊಳೆಯಾಗಿ ಇಳಿಯುತ್ತಿದ್ದಂತೆ ಆಕಾಶ ಕೆಂಪಾಯಿತು, ಬಯಲು ಕೆಂಪಾಯಿತು, ಜಗಲಿಯ ಗೋಡೆಯೂ ಕೆಂಪಾಯಿತು. ಮೂರ್ತಪ್ಪ ಹೆಂಡತಿಯ ಕಡೆ ತಿರುಗಿದವರು ಹಾಗೇ ಇದ್ದರು. ಬೆಳಕು ಮೆಲ್ಲಗೆ ಆರಿದ ಮೇಲೂ ತಿರುಗಿಯೇ ಇದ್ದರು.

"ಕಲ್ಲಪ್ಪ," ಎಂದರು ಕೊನೆಗೆ, "ಈ ಬೆಳಕು ನಾನು ಹಚ್ಚಿದ್ದಲ್ಲ, ಅಲ್ವೇನೋ?"

ಬಂಗಾರಮ್ಮನ ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು.

"ಅಯ್ಯೋ ಮಾರಾಯ್ರೆ, ಇಷ್ಟು ವರ್ಷದ ಮಾತು ಈಗ ಎತ್ಕೊಂಡ್ರಾ?"

"ಮಾತು ಕೊಟ್ಟೋಳು ನೀನು. ಕೂರ್ತೀಯೋ ಇಲ್ವೋ?"

"ಕತ್ತಲಾಗ್ಲಿ, ನೋಡೋಣ," ಎಂದರು ಬಂಗಾರಮ್ಮ ಅಭ್ಯಾಸಬಲದಿಂದ. ಹೇಳಿದ ಮೇಲೆ ಸುತ್ತಲಿನ ಕತ್ತಲೆಯನ್ನು ನೋಡಿ ತಾವೇ ನಕ್ಕುಬಿಟ್ಟರು.

ಹೀಗೆ ಕ್ಯಾಮೆರಾ ಭದ್ರಾವತಿಗೆ ಬಂತು. ತೇಗದ ಮರದ, ಹಿತ್ತಾಳೆಯ ಮೂಲೆಗಳ, ತಿದಿಯಂತೆ ಮಡಿಕೆಯ ಚರ್ಮವಿದ್ದ ದೊಡ್ಡ ಪೆಟ್ಟಿಗೆ ಅದು. ಹಗಲಿನಲ್ಲಿ ಅರೆನಿಮಿಷ ತೆರೆಯುವುದಕ್ಕೆ ಮಾಡಿದ್ದನ್ನು ಇರುಳಿನಲ್ಲಿ ಮತ್ತೆ ಮತ್ತೆ ತೆರೆದು, ಪ್ಲೇಟನ್ನು ಗಂಟೆಗಟ್ಟಲೆ ಒಳಗಿಡಬೇಕೆಂದರೆ, ಹಗಲಿಗೆ ಲೆಕ್ಕಕ್ಕಿಲ್ಲದ ಸಣ್ಣ ತೂತೂ ಶತ್ರುವಾಗುತ್ತದೆ. ಕಲ್ಲಪ್ಪ ಬಾಗಿಲು ಮುಚ್ಚಿ, ತಿದಿಯೊಳಗೆ ದೀಪವಿಟ್ಟು, ಹೊರಗಿನಿಂದ ನಕ್ಷತ್ರಗಳಂತೆ ಮಿನುಗಿದ ತೂತುಗಳನ್ನೆಲ್ಲ ಹುಡುಕಿದ. ಮೂರ್ತಪ್ಪ ಹಳೇ ಕೊಡೆಯ ಕಪ್ಪು ಬಟ್ಟೆಯನ್ನು ಚೂರು ಮಾಡಿ ಗೋಂದು ಹಚ್ಚಿ ಕೊಟ್ಟರು. ಲೆನ್ಸಿನೊಳಗೆ ಬೆಳಕು ತಡೆಯಲು ಸಿಕ್ಕಿಸಿದ್ದ ತೂತಿನ ತಗಡನ್ನು ಕಿತ್ತು ತೆಗೆದರು. ಈಗ ಬೆಳಕು ಹೆಚ್ಚು ಬರುತ್ತಿತ್ತು, ಆದರೆ ಮೂಗು ಸ್ಪಷ್ಟವಾದರೆ ಕಿವಿ ಮಬ್ಬಾಗುವಷ್ಟು ನಾಜೂಕಾಗಿತ್ತು ನೋಟ. ಕತ್ತಲಲ್ಲಿ, ನೋಟ ಹೊಂದಿಸಲು ಪೆಟ್ಟಿಗೆಯ ಹಿಂದಿದ್ದ ಮಸುಕು ಗಾಜಿನಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ, ಮುಖವಿರುವ ಜಾಗದಲ್ಲಿ ಊದುಬತ್ತಿ ಹಿಡಿದು ಅದರ ಕೆಂಡದ ಚುಕ್ಕೆಗೆ ಲೆನ್ಸನ್ನು ಹೊಂದಿಸುವುದೆಂದು ಕಲ್ಲಪ್ಪ ಯೋಚಿಸಿದ.

"ಅದೂ ಹಚ್ಚಿದ್ದೇ ಅಲ್ವಾ?" ಎಂದರು ಬಂಗಾರಮ್ಮ.

"ದೇವರಿಗೆ ಹಚ್ಚಿದ್ದು ಅತ್ತೆ. ಉಳಿದ ತುಂಡು."

"ಓದಿಸಿದ್ದು ಇದಕ್ಕೇ ಏನೋ!"

ದಿನ ಗೊತ್ತು ಮಾಡುವಾಗಲೂ ತಕರಾರು. "ಅಮಾವಾಸ್ಯೆ ದಿನ ಯಾರಾದ್ರೂ ಫೋಟೋ ತೆಗೆಸ್ಕೋತಾರೇನ್ರೀ?"

"ಬೇರೆ ದಿನ ಚಂದ್ರ ಇರ್ತಾನಲ್ಲೇ ಮಾರಾಯ್ತಿ. ಆಮೇಲೆ ಅದೂ ಬೆಳಕು ಅಂತೀಯ."

ಕಿಟ್ಟದ ಬಂಡಿ ಎಳೆಯುವ ಇಂಜಿನ್ನಿನ ಡ್ರೈವರ್ ಭೂತಪ್ಪ, ಸುರಿಯುವ ಮೊದಲು ಎರಡು ಸಲ ಸಿಳ್ಳೆಯ ಕೂಗು ಹಾಕುವುದಾಗಿ ಒಪ್ಪಿದ. ಅಮಾವಾಸ್ಯೆಯ ರಾತ್ರಿ ಬಂಗಾರಮ್ಮ ಒಗೆದ ಸೀರೆಯುಟ್ಟು ಕಂಬಕ್ಕೆ ತಲೆಯೊರಗಿಸಿ ಕೂತರು. ಕೂಗು ಕೇಳಿದಾಗ ಮೂರ್ತಪ್ಪ ಮುಚ್ಚಳ ತೆಗೆದರು. ಕೆಂಪು ಬಂದು ಆರುವ ತನಕ ಮಗ್ಗಿ ಹೇಳಿದರು, ಮುಚ್ಚಿದರು, ಮುಂದಿನ ಕೂಗಿಗೆ ಕಾದರು. ಹೀಗೆ ಬೆಳಕನ್ನು ತುತ್ತುತುತ್ತಾಗಿ ಒಂದೇ ಪ್ಲೇಟಿಗೆ ತಿನ್ನಿಸಿ ಮುಗಿಸುವ ಹೊತ್ತಿಗೆ ಮೂವರೂ ಬಳಲಿದ್ದರು.

ಅಡುಗೆಮನೆಯ ಪಕ್ಕದ ಉಗ್ರಾಣವೇ ಕತ್ತಲೆ ಕೋಣೆ. ಸ್ಟುಡಿಯೋದಿಂದ ತಂದಿದ್ದ ಕೆಂಪು ದೀಪದ ಕೆಳಗೆ ಮೂರ್ತಪ್ಪ ಚಿತ್ರ ಮೂಡಿಸುವ ಡೆವಲಪರ್ ನೀರಿನಲ್ಲಿ ಪ್ಲೇಟು ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ತೂಗಿದರು. ಪ್ಲೇಟು ಹಾಲಿನಂತೆ ಬೆಳ್ಳಗೇ ಉಳಿಯಿತು. ತುಂಬ ಹೊತ್ತಿನ ಮೇಲೆ ಮೂಲೆಯಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಮೂಡಿತು. ಅದು ಕಿಟ್ಟದ ಹೊಳೆಯ ಅತಿ ಬಿಸಿಯಾದ ನಡುಭಾಗ. ಬಂಗಾರಮ್ಮ ಇರಬೇಕಾದಲ್ಲಿ ಏನೂ ಇರಲಿಲ್ಲ.

"ಬರ್ಲಿಲ್ವಾ?" ಎಂದರು ಬಂಗಾರಮ್ಮ ಬಾಗಿಲಾಚೆಯಿಂದ. "ಹೋಗ್ಲಿ ಬಿಡಿ. ಕತ್ತಲೇಲಿ ಬರಲ್ಲ ಅಂತ ನಾನು ಆಗ್ಲೇ ಹೇಳಿದ್ದೆ." ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

ಮೂರ್ತಪ್ಪ ಕುಕ್ಕರುಗಾಲಲ್ಲಿ ಕೂತು, ಖಾಲಿ ಪ್ಲೇಟನ್ನು ದೀಪದ ತೀರ ಹತ್ತಿರಕ್ಕೆ ಹಿಡಿದು, ತಮಗಿದ್ದ ಕೊಳವೆಯಷ್ಟು ದೃಷ್ಟಿಯಿಂದ ಅದರ ಮೂಲೆ ಮೂಲೆ ಹುಡುಕುತ್ತಿದ್ದರು. ಅವರ ಕೆನ್ನೆ, ಗಡ್ಡ, ಬೆರಳು ಎಲ್ಲ ಕೆಂಪಾಗಿತ್ತು. ಜಗಲಿಯ ಗೋಡೆಯ ಹಾಗೆಯೇ ಕೆಂಪು. ಕಲ್ಲಪ್ಪ ಒಮ್ಮೆ ಅವರನ್ನು ನೋಡಿದ, ಒಮ್ಮೆ ದೀಪವನ್ನು ನೋಡಿದ, ಆಮೇಲೆ ಹಣೆ ಬಡಿದುಕೊಂಡ.

"ಮಾವ, ಈ ದೀಪದ ಕೆಳಗೆ ಪ್ಲೇಟು ಯಾಕೆ ಹಾಳಾಗೋದಿಲ್ಲ?"

"ಕೆಂಪು ಅದಕ್ಕೆ ಕಾಣಲ್ಲ ಕಣೋ. ನಿಂಗೆ ನಾನೇ ಹೇಳ್ಕೊಟ್ಟಿದ್ದು..." ಮೂರ್ತಪ್ಪ ಅಷ್ಟಕ್ಕೇ ನಿಲ್ಲಿಸಿದರು.

ಜೀವಮಾನವೆಲ್ಲ ಕೆಂಪು ದೀಪದ ಅಡಿಯಲ್ಲಿ ಕೆಲಸ ಮಾಡಿದವರೊಬ್ಬರು, ಬೆಳಕಿನ ಅಲೆಯುದ್ದಗಳನ್ನು ಬಾಯಿಪಾಠ ಮಾಡಿ ಪಾಸಾದವನೊಬ್ಬ. ಇಬ್ಬರೂ ಸೇರಿ ಕೆಂಪಿಗೆ ಕುರುಡಾದ ಪ್ಲೇಟಿಗೆ ಊರಗಲದ ಕೆಂಪು ದೀಪ ತೋರಿಸಿ ಬಂದಿದ್ದರು! ಮೊದಲು ನಕ್ಕವರು ಮೂರ್ತಪ್ಪ. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಬೇಗ ಒರೆಸಿಕೊಳ್ಳಲಿಲ್ಲ.

ಕೆಂಪನ್ನೂ ಕಾಣುವ ಪ್ಲೇಟುಗಳು ಆಗಲೇ ಬಂದಿದ್ದವು, ಆದರೆ ಆ ಹಳೇ ಪೆಟ್ಟಿಗೆಯ ಅಳತೆಗೆ ಸಿಗುತ್ತಿರಲಿಲ್ಲ. ಇದ್ದ ಪ್ಲೇಟಿಗೇ ಕೆಂಪನ್ನು ಕಾಣಿಸುವ ಒಂದು ಬಣ್ಣದ ಪುಡಿಯಿದೆ ಎಂದು ಕಲ್ಲಪ್ಪ ಓದಿದ್ದ. ಕಾಲೇಜಿನ ಗೆಳೆಯನಿಗೆ ಬರೆದು, ಜರ್ಮನಿಯಿಂದ ಬಂದ ಆ ನೀಲಿ ಪುಡಿಯನ್ನು ಚಿಟಿಕೆಯಷ್ಟು ತರಿಸಿಕೊಂಡ. ಅದನ್ನು ಕರಗಿಸಿದ ನೀರಿನಲ್ಲಿ ಪ್ಲೇಟು ಅದ್ದಿ, ಕತ್ತಲಲ್ಲೇ ಒಣಗಿಸಬೇಕು. ಅಲ್ಲಿಂದಾಚೆ ಕೆಂಪು ದೀಪವೂ ಕೂಡದು, ಎಲ್ಲ ಕೈಯ ಅಂದಾಜಿನಲ್ಲೇ. ಪುಡಿ ಬಂದಾಗ ಸಂಕ್ರಾಂತಿ ಕಳೆದಿತ್ತು. ಆ ವೇಳೆಗೆ ಮೂರ್ತಪ್ಪನವರ ಕೊಳವೆ ಇನ್ನಷ್ಟು ಕಿರಿದಾಗಿತ್ತು. ಹೆಂಡತಿಯ ಮುಖವನ್ನು ಒಂದೇ ನೋಟಕ್ಕೆ ಹಿಡಿಯಲಾಗದೆ ತುಂಡುತುಂಡಾಗಿ ನೋಡುತ್ತಿದ್ದರು.

ಮತ್ತೆ ಅಮಾವಾಸ್ಯೆ, ಮತ್ತೆ ಕಂಬ. ಈ ಸಲ ಬಂಗಾರಮ್ಮ ತಕರಾರು ಮಾಡಲಿಲ್ಲ. ಊದುಬತ್ತಿಯನ್ನು ತಾವೇ ಮೂಗಿನ ಪಕ್ಕಕ್ಕೆ ಹಿಡಿದು, ಕಲ್ಲಪ್ಪ ಹೂಂ ಎಂದ ಮೇಲೆ ಆರಿಸಿದರು. ಕೂಗು ಬಂತು. ಜಗತ್ತು ಕೆಂಪಾಯಿತು. ಮಾತಿನಮಲ್ಲಿಯೆಂದು ಹೆಸರಾದ ಹೆಂಗಸು ರೆಪ್ಪೆಯನ್ನೂ ಅಳತೆಯಿಂದ ಬಡಿಯುತ್ತ ಕಲ್ಲಾಗಿ ಕೂತರು. ಮೂರ್ತಪ್ಪ ಪ್ಲೇಟಿಗಲ್ಲ, ಹೆಂಡತಿಗೇ ಹೇಳುವಂತೆ ಮಗ್ಗಿ ಹೇಳಿದರು. ಮುಚ್ಚಳ ಬಿತ್ತು. ಕತ್ತಲೆಯಲ್ಲಿ ಬಂಗಾರಮ್ಮನ ದನಿ ಕೇಳಿಸಿತು:

"ಅವಳೂ ಹೀಗೇ ಅಲ್ಲಾಡದೆ ಕೂತಿದ್ಲು, ಅಲ್ವಾ?"

ಮಗುವಿನ ಮಾತನ್ನು ಅವರು ಎತ್ತಿದ್ದನ್ನು ಕಲ್ಲಪ್ಪ ಅದೇ ಮೊದಲು ಕೇಳಿದ್ದು.

"ನಿನಗಿಂತ ಚೆನ್ನಾಗಿ ಕೂತಿದ್ಲು," ಎಂದರು ಮೂರ್ತಪ್ಪ. "ಬಾಯಲ್ಲಿ ಬೆಲ್ಲ ಇತ್ತಲ್ಲ."

"ನಂಗೂ ಒಂದು ಚೂರು ಕೊಡಬಾರದಾಗಿತ್ತಾ ಮತ್ತೆ?"

ಎರಡನೆಯ ಕೂಗು ಬಂತು. ಮೂರನೆಯದೂ ಬಂತು.

ಉಗ್ರಾಣದ ಕಗ್ಗತ್ತಲೆಯಲ್ಲಿ ಕಲ್ಲಪ್ಪನಿಗೆ ತನ್ನ ಕೈ ತನಗೇ ಕಾಣಲಿಲ್ಲ. ಡೆವಲಪರ್ ತಟ್ಟೆಯಲ್ಲಿ ತುಳುಕುವ ಸದ್ದು, ಅದರ ಮೇಲೆ ಮಾವನ ಮಗ್ಗಿ. ಚಿಕ್ಕಂದಿನ ಮಧ್ಯಾಹ್ನಗಳೆಲ್ಲ ಆ ಕತ್ತಲೆಯೊಳಗೆ ಬಂದು ನಿಂತಂತಾಯಿತು ಅವನಿಗೆ. ಗಾಜಿನ ಮಾಡಿನ ಬಿಸಿ, ಹೈಪೋದ ವಾಸನೆ, ಹೊರಗೆ ಬೆಂಚಿನ ಮೇಲೆ ಮೈ ಬಿಗಿದು ಕಾಯುವ ಮದುಮಗ. ಇಂಥ ಕೆಲಸ ಮಾವನ ಕೈಯಲ್ಲಿ ಇದೇ ಕೊನೆ ಎಂದು ಇಬ್ಬರಿಗೂ ಗೊತ್ತಿತ್ತು. ಪ್ಲೇಟನ್ನು ಚಿತ್ರ ನಿಲ್ಲಿಸುವ ಹೈಪೋದಲ್ಲಿ ಮುಳುಗಿಸಿ, ತೊಳೆದು, ಒಣಗಲು ಗೋಡೆಗೆ ಒರಗಿಸಿದರು. ಆ ರಾತ್ರಿ ದೀಪ ಹಚ್ಚಿ ನೋಡುವ ಧೈರ್ಯವನ್ನು ಇಬ್ಬರೂ ಮಾಡಲಿಲ್ಲ.

ಬೆಳಿಗ್ಗೆ ಮೂರ್ತಪ್ಪ ಪ್ಲೇಟನ್ನು ಪೂರ್ವದ ಕಿಟಕಿಗೆ ಹಿಡಿದು, ಮುಖವನ್ನು ಅದಕ್ಕೆ ತಾಗುವಷ್ಟು ಹತ್ತಿರ ತಂದು, ಮೇಲಿನಿಂದ ಕೆಳಕ್ಕೆ ನೋಡತೊಡಗಿದರು. ಕಲ್ಲಪ್ಪ ಪಕ್ಕದಲ್ಲೇ ನಿಂತಿದ್ದ. ಗಾಜಿನ ನಡುವೆ ಕಂಬ, ಕಂಬಕ್ಕೆ ಒರಗಿದ ಬಂಗಾರಮ್ಮ. ಮೂಗುಬೊಟ್ಟಿನ ಚುಕ್ಕೆಯೂ ಬಿದ್ದಿತ್ತು. ಪ್ಲೇಟಿನಲ್ಲಿ ಬೆಳಕೆಲ್ಲ ಕಪ್ಪು, ಕಪ್ಪೆಲ್ಲ ಬೆಳಕು. ಹಾಗಾಗಿ ಕಿಟ್ಟದ ಬೆಳಕು ಬಿದ್ದ ನರೆಗೂದಲು ಕಾಡಿಗೆಯಷ್ಟು ಕಪ್ಪಾಗಿತ್ತು.

"ಬಂಗಾರಿ," ಎಂದು ಕರೆದರು ಮೂರ್ತಪ್ಪ. ಆ ಹೆಸರಿನಿಂದ ಅವರು ಕರೆದದ್ದನ್ನು ಕಲ್ಲಪ್ಪ ಕೇಳಿಯೇ ಇರಲಿಲ್ಲ. "ಇಲ್ಲಿ ಬಾ. ನಿನ್ನ ಕೂದಲು ನೋಡು."

ಬಂಗಾರಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದು ಇಣುಕಿದರು. "ಮುಖಾನೂ ಮಸಿ ಬಳ್ದ ಹಾಗೇ ಇದೆ. ಅದೂ ಹೇಳಿ!"

"ಮಾವ, ಇವತ್ತೇ ಕಾಗದದ ಮೇಲೆ ಪ್ರಿಂಟ್ ಹಾಕಿಬಿಡ್ತೀನಿ," ಎಂದ ಕಲ್ಲಪ್ಪ. "ಬಿಸಿಲು ಚೆನ್ನಾಗಿದೆ."

"ಬೇಡ."

"ಪ್ರಿಂಟ್ ಹಾಕಿದ್ರೆ ಸರಿಯಾಗಿ ಕಾಣುತ್ತೆ..."

"ಸರಿಯಾಗಿದ್ದದ್ದು ದಿನಾ ನೋಡ್ತಾನೇ ಇದ್ದೆನಲ್ಲೋ. ಬಾಗಿಲಲ್ಲಿ ನಿಂತು ಕತ್ತಲಲ್ಲಿ ಕೂರ್ತೀನಿ ಅಂದಾಗ ಇವಳ ಕೂದಲು ಹೀಗೇ ಇತ್ತು." ಪ್ಲೇಟನ್ನು ಅಷ್ಟಷ್ಟೇ ಸರಿಸುತ್ತ ಅವರು ಮತ್ತೆ ಮೇಲಿನಿಂದ ಶುರು ಮಾಡಿದರು. ಹಣೆ, ಕಣ್ಣು, ಮೂಗುಬೊಟ್ಟು.

ಬಂಗಾರಮ್ಮ ಒಲೆಯ ಮೇಲೆ ಹಾಲಿಟ್ಟು ಬಂದಿದ್ದರು. ಅದು ಉಕ್ಕುವ ಸದ್ದು ಕೇಳುತ್ತಿದ್ದರೂ ಅವರು ಅಲ್ಲಾಡಲಿಲ್ಲ. ಗಂಡ ನೋಡಿ ಮುಗಿಸುವ ತನಕ, ರಾತ್ರಿ ಕಂಬಕ್ಕೆ ಒರಗಿದ ಹಾಗೆಯೇ, ಕಿಟಕಿಯ ಚೌಕಟ್ಟಿಗೆ ತಲೆಯಾನಿಸಿ ನಿಂತೇ ಇದ್ದರು.